ಮನೆ ಆಫೀಸಿಗೆ ಯಾವ ಫೋನ್? ಮೂರನ್ನೂ ಬಳಸಿ ನೋಡಿದೆವು

ಮೈಸೂರಿನ ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮ ಆಫೀಸು. ನಾನು, ನನ್ನ ಹೆಂಡತಿ ಸೇರಿ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಫೈಲ್ ಮಾಡಿಕೊಡುತ್ತೇವೆ. ಜುಲೈ ಬಂತೆಂದರೆ ಫೋನಿಗೆ ಬಿಡುವೇ ಇಲ್ಲ. ಎಲ್ಲ ಕರೆಗಳೂ ನನ್ನ ಮೊಬೈಲಿಗೇ ಬರುತ್ತಿದ್ದವು. ನಾನು ತರಕಾರಿಗೆ ಹೋದರೆ ಮನೆಯಲ್ಲಿ ಕೂತ ಅವಳಿಗೆ ಕರೆ ಸಿಗುತ್ತಿರಲಿಲ್ಲ. ನಂಬರ್ ನನ್ನದಲ್ಲ, ಆಫೀಸಿನದ್ದಾಗಿರಬೇಕು ಅನಿಸಿತು. ಇಂಟರ್ನೆಟ್ ಮೇಲೆ ನಡೆಯುವ ಮೂರು ಬಗೆಯ ಫೋನುಗಳನ್ನು ಒಂದೊಂದು ತಿಂಗಳು ಬಳಸಿ ನೋಡಿದೆವು.

ಮೊದಲು ವಾಟ್ಸ್‌ಆ್ಯಪ್ ಬಿಸಿನೆಸ್. ದುಡ್ಡು ಖರ್ಚಿಲ್ಲ. ಫಾರ್ಮ್ 16, ಬಿಲ್ಲುಗಳ ಫೋಟೊ ಎಲ್ಲ ಅಲ್ಲೇ ಬರುತ್ತವೆ. ಆದರೆ ಕರೆ ಮಾಡುವವರ ಹತ್ತಿರವೂ ವಾಟ್ಸ್‌ಆ್ಯಪ್ ಇರಬೇಕು. ನಮ್ಮ ಗ್ರಾಹಕರಲ್ಲಿ ಬಟನ್ ಫೋನ್ ಇಟ್ಟುಕೊಂಡ ಹಿರಿಯರು ಜಾಸ್ತಿ. ಅವರಿಗೆ ಇದು ಆಗದ ಮಾತು.

ಎರಡನೆಯದು ಕ್ಲೌಡ್ ನಂಬರ್, ಅಂದರೆ ಸಿಮ್ಮಿಗೆ ಅಂಟಿಕೊಳ್ಳದೆ ಕಂಪನಿಯೊಂದರ ಸರ್ವರ್‌ನಲ್ಲಿ ನಡೆಯುವ ನಂಬರ್. ಒಂದೇ ನಂಬರಿಗೆ ಬಂದ ಕರೆ ನಮ್ಮಿಬ್ಬರ ಮೊಬೈಲಿಗೂ ಹೋಗುತ್ತದೆ, ರೆಕಾರ್ಡ್ ಕೂಡ ಆಗುತ್ತದೆ. ಲ್ಯಾಪ್‌ಟಾಪಿನಲ್ಲೂ ಮಾತಾಡಬಹುದು. ಅಲ್ಲಿ ಮೊದಮೊದಲು ಮಾತು ತುಂಡು ತುಂಡಾಗುತ್ತಿತ್ತು. ಇಂಟರ್ನೆಟ್ ಪ್ಲಾನಿನ ವೇಗ ಸಾಲದೇನೋ ಅಂದುಕೊಂಡೆ. ನಿಜದಲ್ಲಿ ಒಂದು ಕರೆಗೆ ಹೆಚ್ಚೆಂದರೆ 100 ಕೆಬಿಪಿಎಸ್, ಅಂದರೆ ಒಂದು ಎಂಬಿಪಿಎಸ್‌ನ ಹತ್ತರಲ್ಲಿ ಒಂದು ಪಾಲು ವೇಗ ಸಾಕು. ಇಂಟರ್ನೆಟ್ಟಿನಲ್ಲಿ ಮಾತು ಸಣ್ಣ ಚೂರುಗಳಾಗಿ ಹೋಗುತ್ತದೆ. ತೊಂದರೆ ವೇಗದ್ದಲ್ಲ, ಆ ಚೂರುಗಳು ಒಂದೇ ಲಯದಲ್ಲಿ ಬಂದು ಸೇರದೇ ಇರುವುದು. ಅವಳು ದೊಡ್ಡ ಫೈಲ್ ಅಪ್‌ಲೋಡ್ ಮಾಡುವಾಗಲೇ ನನ್ನ ಕರೆ ಕೆಡುತ್ತಿತ್ತು. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿದೆ, ಅಪ್‌ಲೋಡ್ ಕೆಲಸ ರಾತ್ರಿಗೆ ಇಟ್ಟುಕೊಂಡೆವು, ಸರಿಹೋಯಿತು. ಸರಿಹೋಗದೇ ಉಳಿದದ್ದು ಸ್ವಾಗತದ ರೆಕಾರ್ಡಿಂಗ್. ‘ಒಂದನ್ನು ಒತ್ತಿ’ ಅಂದ ಕೂಡಲೇ ಹಿರಿಯರೊಬ್ಬರು ಕಟ್ ಮಾಡಿಬಿಡುತ್ತಿದ್ದರು. ಆಮೇಲೆ ಬಾಗಿಲಿಗೇ ಬಂದು, ‘ಯಾರೋ ಹೆಣ್ಣುಮಗಳು ಮಾತಾಡ್ತಾಳಪ್ಪ, ನೀನು ಸಿಗೋದೇ ಇಲ್ಲ’ ಅಂದರು. ಬಿಸಿಲಲ್ಲಿ ನಡೆದು ಬಂದಿದ್ದರು. ನನಗೆ ತುಂಬ ಬೇಜಾರಾಯಿತು.

ಮೂರನೆಯದು ನಮ್ಮ ಮನೆಯಲ್ಲೇ ಇತ್ತು. ಫೈಬರ್ ಇಂಟರ್ನೆಟ್ಟಿನ ಡಬ್ಬಿಯ ಹಿಂದೆ ಫೋನ್ ವೈರಿಗೆಂದೇ ಒಂದು ಸಣ್ಣ ಕಿಂಡಿ ಇರುತ್ತದೆ, ನೋಡಿದ್ದೀರಾ? ಕಂಪನಿಗೆ ಹೇಳಿ 0821ರ ನಂಬರ್ ಶುರು ಮಾಡಿಸಿದೆ. ಅಟ್ಟದಲ್ಲಿದ್ದ ಗುಂಡಿ ಒತ್ತುವ ಹಳೇ ಫೋನನ್ನು ಅದಕ್ಕೆ ಸಿಕ್ಕಿಸಿದೆ. ಅಷ್ಟೇ, ಟ್ರಿಣ್ ಅಂತು! ಯಾವ ಮೊಬೈಲಿನಿಂದಲಾದರೂ ಕರೆ ಬರುತ್ತದೆ, ಇಬ್ಬರಲ್ಲಿ ಯಾರು ಬೇಕಾದರೂ ಎತ್ತಬಹುದು. ಜಿಯೋ ಫೈಬರ್ ಇರುವವರು ಜಿಯೋಜಾಯಿನ್ ಆ್ಯಪ್ ಹಾಕಿಕೊಂಡರೆ ಅದೇ ನಂಬರಿನ ಕರೆಯನ್ನು ಮೊಬೈಲಿನಲ್ಲೂ ತೆಗೆದುಕೊಳ್ಳಬಹುದು. ಒಂದು ನೆನಪಿರಲಿ: 2021ರ ಜನವರಿಯಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡಲು ಮುಂದೆ ಸೊನ್ನೆ ಒತ್ತಬೇಕು.

ಇದರ ಕೊರತೆ ಕರೆಂಟು. ತಾಮ್ರದ ತಂತಿಯ ಕಾಲದಲ್ಲಿ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಮನೆ ಕತ್ತಲಾದರೂ ಫೋನ್ ನಡೆಯುತ್ತಿತ್ತು. ಫೈಬರಿನಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ ಹರಿಯುವುದಿಲ್ಲ. ಕರೆಂಟು ಹೋದರೆ ಡಬ್ಬಿ ಸತ್ತಂತೆ. ಅದಕ್ಕೆ 12 ವೋಲ್ಟಿನ ಸಣ್ಣ ರೂಟರ್ ಯುಪಿಎಸ್ ತಂದು ಹಾಕಿದೆ. ಈಗ ಎರಡು ಗಂಟೆ ಕರೆಂಟು ಹೋದರೂ ಚಿಂತೆಯಿಲ್ಲ.

ನಾವು ಉಳಿಸಿಕೊಂಡದ್ದು ಇದನ್ನೇ. ಜೊತೆಗೆ ವಾಟ್ಸ್‌ಆ್ಯಪ್ ಬಿಸಿನೆಸ್ಸನ್ನೂ ಇದೇ ಲ್ಯಾಂಡ್‌ಲೈನ್ ನಂಬರಿಗೆ ಹಾಕಿಕೊಂಡೆವು. ಹೌದು, ಆಗುತ್ತದೆ! ದೇಶದ ಕೋಡ್ 91, ಆಮೇಲೆ ಸೊನ್ನೆ ಬಿಟ್ಟು 821 ಹಾಕಿ ನಂಬರ್ ಕೊಡಿ. ಎಸ್‌ಎಂಎಸ್ ಬರುವುದಿಲ್ಲ, ಸ್ವಲ್ಪ ಕಾದು ಕರೆ ಮೂಲಕ ಕೋಡ್ ಕೇಳಿ. ಫೋನ್ ರಿಂಗ್ ಆಗಿ ಕೋಡ್ ಹೇಳುತ್ತದೆ. ಕರೆಗೂ ಕಾಗದಪತ್ರಕ್ಕೂ ಈಗ ಒಂದೇ ನಂಬರ್.

ಫೋನ್ ಒಂದೇ ಆದ್ದರಿಂದ ಒಬ್ಬರು ಮಾತಾಡುವಾಗ ಇನ್ನೊಂದು ಕರೆ ಬಂದರೆ ಮತ್ತೊಬ್ಬರು ಅದನ್ನು ಎತ್ತಲು ಆಗುವುದಿಲ್ಲ. ಇಬ್ಬರಿಗೆ ನಡೆಯುತ್ತದೆ. ಮೂರನೆಯವರನ್ನು ಕೆಲಸಕ್ಕೆ ಸೇರಿಸಿಕೊಂಡರೆ ಮತ್ತೆ ಕ್ಲೌಡ್ ನಂಬರೇ ಬೇಕಾಗಬಹುದು. ಆಗ ಸ್ವಾಗತದ ರೆಕಾರ್ಡಿಂಗ್ ತೆಗೆಸಿ, ನೇರ ರಿಂಗ್ ಆಗುವಂತೆ ಹಾಕಿಸುತ್ತೇನೆ.