ಪತಂಗದ ಪರದೆಗೆ ಪಾದರಸದ ಬಲ್ಬೋ, ಬ್ಲ್ಯಾಕ್‌ಲೈಟ್ ಟ್ಯೂಬೋ, ಎಲ್‌ಇಡಿಯೋ?

ಮಲೆನಾಡಿನ ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ, ದೀಪ ಹಚ್ಚಿ, ಬಂದು ಕೂತ ಪತಂಗಗಳ ಫೋಟೊ ತೆಗೆದು ಊರಿನ ಪಟ್ಟಿ ಮಾಡುವವರಿಗೆ ಮೊದಲು ಎದುರಾಗುವುದು ದೀಪದ ಪ್ರಶ್ನೆ. ಚೋಕ್ ಬೇಡದ 160 ವಾಟ್‌ನ ಪಾದರಸದ ಬಲ್ಬು, ಅತಿನೇರಳೆ ಬೆಳಕು ಸೂಸುವ ಒಂದಡಿ ಉದ್ದದ 8 ವಾಟ್ ಬ್ಲ್ಯಾಕ್‌ಲೈಟ್ ಟ್ಯೂಬು, ಪವರ್ ಬ್ಯಾಂಕಿನಲ್ಲಿ ಉರಿಯುವ ಅತಿನೇರಳೆ ಎಲ್‌ಇಡಿ: ಈ ಮೂರನ್ನೂ ಮಳೆಗಾಲದಲ್ಲಿ ಬಳಸಿ ನೋಡಿದ ಹೋಲಿಕೆ ಇದು. ಬಟ್ಟೆ ಎಲ್ಲದಕ್ಕೂ ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರ; ಹೊತ್ತು ಸಂಜೆ 7ರಿಂದ 11. ಎರಡು ದೀಪ ಒಂದೇ ರಾತ್ರಿ ಹಚ್ಚುವುದಾದರೆ ಒಂದಕ್ಕೊಂದು ಕಾಣದ ಹಾಗೆ ಮನೆಯ ಆಚೀಚೆ ಇಟ್ಟು, ಮರುದಿನ ಜಾಗ ಅದಲುಬದಲು ಮಾಡಬೇಕು. ಇಲ್ಲದಿದ್ದರೆ ಹೋಲಿಕೆಯಾಗುವುದು ದೀಪದ್ದಲ್ಲ, ಜಾಗದ್ದು.

ಜನ ಸೇರಿಸುವುದರಲ್ಲಿ ಪಾದರಸದ ಬಲ್ಬಿಗೆ ಸಾಟಿಯಿಲ್ಲ. ಹಾಕ್ ಮಾತ್‌ಗಳು, ಚಂದ್ರ ಪತಂಗ ದೂರದಿಂದ ಬರುತ್ತವೆ. ಜೊತೆಗೆ ದುಂಬಿಗಳ ದಂಡು, ಮೊದಲ ಮಳೆಯಾದ ಸಂಜೆ ರೆಕ್ಕೆ ಬಂದ ಗೆದ್ದಲಿನ ಜಾತ್ರೆ. ಸಣ್ಣ ಪತಂಗಗಳು ಆ ಗದ್ದಲದಲ್ಲಿ ಕೂರುವುದೇ ಇಲ್ಲ. ದೊಡ್ಡ ತೊಂದರೆ ಕರೆಂಟಿನದು. ಒಮ್ಮೆ ಆರಿದ ಬಲ್ಬು ತಣ್ಣಗಾಗದೆ ಮತ್ತೆ ಹತ್ತುವುದಿಲ್ಲ, ಐದರಿಂದ ಹತ್ತು ನಿಮಿಷ ಬೇಕು. ಮಳೆಗಾಲದ ಮಲೆನಾಡಿನಲ್ಲಿ ಹೀಗೆ ಎಷ್ಟು ಸಲ ಕಾಯಬೇಕಾದೀತು ಎಂಬುದನ್ನು ಅಲ್ಲಿನವರಿಗೆ ಹೇಳಬೇಕಿಲ್ಲ. ಕಾದ ಗಾಜಿಗೆ ಒಂದು ಹನಿ ಬಿದ್ದರೂ ಸೀಳುತ್ತದೆ. ಹೊರಗಿನ ಗಾಜು ಒಡೆದೂ ಒಳಗಿನ ಕೊಳವೆ ಉರಿಯುತ್ತಿದ್ದರೆ ತಕ್ಷಣ ಆರಿಸಿ, ಆ ಬೆಳಕು ಕಣ್ಣು, ಚರ್ಮ ಎರಡನ್ನೂ ಸುಡುತ್ತದೆ. ಪಿಂಗಾಣಿ ಹೋಲ್ಡರ್ ಕಡ್ಡಾಯ, ಪ್ಲಾಸ್ಟಿಕ್‌ನದು ಕರಗುತ್ತದೆ. ಬೀದಿದೀಪಗಳೆಲ್ಲ ಎಲ್‌ಇಡಿ ಆದ ಮೇಲೆ ಅಂಗಡಿಯಲ್ಲಿ ಈ ಬಲ್ಬು ಸಿಗುವುದೂ ಅಪರೂಪ.

ಬ್ಲ್ಯಾಕ್‌ಲೈಟ್ ಟ್ಯೂಬಿನದು ನಿಧಾನದ ಸ್ವಭಾವ. ಬರುವವು ಕಡಿಮೆ, ಆದರೆ ಬಂದವು ಕೂರುತ್ತವೆ. 12 ವೋಲ್ಟ್, 7 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ ಲೆಕ್ಕಕ್ಕೆ 84 ವಾಟ್-ಅವರ್ ಆದರೂ ಅರ್ಧಕ್ಕಿಂತ ಕೆಳಗಿಳಿಸಿದರೆ ಬೇಗ ಹಾಳಾಗುತ್ತದೆ. ಹಾಗಾಗಿ ನಾಲ್ಕು ಗಂಟೆಯೇ ಮಿತಿ. ಬ್ಯಾಟರಿ ಇಳಿದಾಗ ಟ್ಯೂಬು ಮಿಣುಕತೊಡಗುತ್ತದೆ, ಆಮೇಲೆ ಬಂದವನ್ನು ಪಟ್ಟಿಗೆ ಸೇರಿಸಿದರೂ ಹಿಂದಿನ ರಾತ್ರಿಯ ಜೊತೆ ಹೋಲಿಸಬೇಡಿ. ಬೈಕಿನ ಮೇಲೆ ಒಯ್ಯುವಾಗ ಪಿವಿಸಿ ಪೈಪಿನೊಳಗೆ ಬಟ್ಟೆ ಸುತ್ತಿ ಇಡದಿದ್ದರೆ ಗಾಜು ಉಳಿಯುವುದಿಲ್ಲ.

ಎಲ್‌ಇಡಿಯಲ್ಲಿ ಎಲ್ಲವೂ ನಿಂತಿರುವುದು ಒಂದೇ ಸಂಖ್ಯೆಯ ಮೇಲೆ. ಕೀಟಗಳ ಕಣ್ಣು ಹೆಚ್ಚು ಗ್ರಹಿಸುವ ಅತಿನೇರಳೆ 350 ನ್ಯಾನೊಮೀಟರ್ ಆಸುಪಾಸಿನದು. ಹಾಗಾಗಿ 365ರ ದೀಪ ಬೇಕು. ಅಗ್ಗದ ಪಟ್ಟಿಗಳು ಹೆಚ್ಚಾಗಿ 395ರವು. ಗುರುತು ಸುಲಭ: ಹಚ್ಚಿದಾಗ ಕಣ್ಣಿಗೆ ಗಾಢ ನೇರಳೆಯಾಗಿ ಹೊಳೆದರೆ ಅದು 395, ಮಂಕು ಬಿಳಿಚು ನೀಲಿಯಾಗಿ ಕಂಡರೆ 365. (ದೀಪವನ್ನೇ ದಿಟ್ಟಿಸಬೇಡಿ.) ಅಲ್ಯೂಮಿನಿಯಂ ತಗಡಿಗೆ ಅಂಟಿಸದ ಎಲ್‌ಇಡಿ ಕಾದು ಬೇಗ ಮಂಕಾಗುತ್ತದೆ. 20,000 ಎಂಎಎಚ್ ಪವರ್ ಬ್ಯಾಂಕ್ 10 ವಾಟ್ ದೀಪವನ್ನು ಆರು ಗಂಟೆಯಷ್ಟು ನಡೆಸುತ್ತದೆ. ತೀರಾ ಸಣ್ಣ ದೀಪ ಹಾಕಿದರೆ ಕೆಲವು ಪವರ್ ಬ್ಯಾಂಕುಗಳು ಏನೂ ಜೋಡಿಸಿಲ್ಲವೆಂದು ತಿಳಿದು ತಾವೇ ಆಫ್ ಆಗುತ್ತವೆ. ಪಕ್ಕದಲ್ಲೊಂದು ಬಿಳಿ ಎಲ್‌ಇಡಿ ಸೇರಿಸಿದರೆ ಹೀಗೆ ಆಫ್ ಆಗುವುದೂ ತಪ್ಪುತ್ತದೆ, ಬೆಳಕಿನ ವ್ಯಾಪ್ತಿಯೂ ಹೆಚ್ಚುತ್ತದೆ.

ಯಾವುದೇ ದೀಪವಾಗಲಿ, ನೆಲದ ಮೇಲೆ ಮೇಲ್ಮುಖವಾಗಿ ಇಡಬೇಡಿ. ಹಾರುವ ಕೀಟಗಳು ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸುತ್ತವೆ ಎಂದು 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಬೆಳಕು ಕೆಳಗಿನಿಂದ ಬಂದರೆ ಮಗುಚಿ ಬೀಳುತ್ತವೆ. ಎದೆಮಟ್ಟದಲ್ಲಿ, ಬಟ್ಟೆಯಿಂದ ಒಂದು ಗೇಣು ದೂರ ತೂಗುಹಾಕಿ.

ಫೋಟೊ ವಿಷಯದಲ್ಲಿ ಮೂರೂ ಮೋಸವೇ. ಪಾದರಸದ ಬೆಳಕಿನಲ್ಲಿ ಎಲ್ಲವೂ ಹಸಿರುನೀಲಿ, ಉಳಿದೆರಡರಲ್ಲಿ ಕಂದು ರೆಕ್ಕೆಯೂ ನೇರಳೆ. ಡಿಟರ್ಜೆಂಟಿನಲ್ಲಿ ತೊಳೆದ ಹೊಸ ಬೆಡ್‌ಶೀಟಾದರೆ ಇನ್ನೂ ಕೆಟ್ಟದು: ಅದಕ್ಕೆ ಬೆಳ್ಳಗಾಗಲೆಂದು ಸೇರಿಸಿದ ವಸ್ತು ಅತಿನೇರಳೆಯನ್ನು ಹೀರಿ ನೀಲಿಯಾಗಿ ಹೊಳೆಯುತ್ತದೆ. ಅಂಟುವಾಳದಲ್ಲಿ ಹತ್ತಾರು ಸಲ ತೊಳೆದ ಹಳೇ ಪಂಚೆ ವಾಸಿ. ಕ್ಯಾಮೆರಾದಲ್ಲಿ ಫ್ಲ್ಯಾಶ್ ಮುಂದೆ ಬಟರ್ ಪೇಪರ್, ಎಫ್/11, ಐಎಸ್‌ಒ 400. ಬಿಳಿ ಹಿನ್ನೆಲೆಯಿಂದ ಪತಂಗ ಕಪ್ಪಾಗುವುದರಿಂದ ಎಕ್ಸ್‌ಪೋಶರ್ +0.7. ಮೊಬೈಲಾದರೆ ಬಿಳಿ ಟಾರ್ಚಿಗೂ ಅದೇ ಕಾಗದ. ಪಕ್ಕದಲ್ಲಿ ಗ್ರಾಫ್ ಕಾಗದದ ತುಂಡು ಪಿನ್ ಮಾಡಿದರೆ ಮುಂರೆಕ್ಕೆಯ ಉದ್ದ ಮಿಲಿಮೀಟರಿನಲ್ಲಿ ಸಿಗುತ್ತದೆ.

ದಾಖಲೆಯಲ್ಲಿ ದೀಪದ ಬಗೆ, ವಾಟ್, ಹಚ್ಚಿದ ಮತ್ತು ಆರಿಸಿದ ಹೊತ್ತು ಬರೆಯದಿದ್ದರೆ ಪಟ್ಟಿ ಅರ್ಧ. ನಡುರಾತ್ರಿ ದಾಟಿದರೆ ‘ಜುಲೈ 12–13ರ ರಾತ್ರಿ’ ಎಂದೇ ಬರೆಯಿರಿ. ಫೋನು ಒಂದೇ ಕೂಟವನ್ನು ಎರಡು ದಿನಕ್ಕೆ ಹಂಚಿಬಿಡುತ್ತದೆ. ಫೋಟೊ ನೋಡಿ ಪತಂಗ ಗುರುತಿಸುವ ಆ್ಯಪ್ ಕೊಟ್ಟ ಹೆಸರನ್ನು ಹಾಗೇ ಒಪ್ಪಬೇಡಿ: ನಮ್ಮ ಘಟ್ಟದ ಅಟ್ಲಾಸ್ ಪತಂಗ ಅಟ್ಟಾಕಸ್ ತಪ್ರೊಬಾನಿಸ್, ಆ್ಯಪ್ ಅದನ್ನು ಅಟ್ಟಾಕಸ್ ಅಟ್ಲಾಸ್ ಎಂದು ತೋರಿಸಿದರೆ ತಿದ್ದಿ. ‘ಮಾತ್ಸ್ ಆಫ್ ಇಂಡಿಯಾ’ ತಾಣದ ಚಿತ್ರಗಳ ಜೊತೆ ಹೋಲಿಸಿ. ಎಷ್ಟೋ ಕಂದು, ಬೂದು ಪತಂಗಗಳ ಪ್ರಭೇದ ತಿಳಿಯಲು ಜನನಾಂಗವನ್ನೇ ಬಿಡಿಸಿ ನೋಡಬೇಕು; ಅಂಥವನ್ನು ಕುಲದ ಹೆಸರಿಗೇ ನಿಲ್ಲಿಸುವುದು ಪ್ರಾಮಾಣಿಕತೆ.

ಒಂದೇ ದೀಪ ಕೊಳ್ಳುವುದಾದರೆ 365ರ ಎಲ್‌ಇಡಿ. ಊರಿಗೆಲ್ಲ ತೋರಿಸುವ ಒಂದು ರಾತ್ರಿಗೆ, ಸೂರಿನ ಕೆಳಗೆ, ಪಾದರಸ. ಟ್ಯೂಬು ಈಗಾಗಲೇ ಇದ್ದರೆ ಬದಲಿಸಬೇಡಿ; ಮೂರು ವರ್ಷದ ಪಟ್ಟಿಯ ನಡುವೆ ದೀಪ ಬದಲಾದರೆ ಹೆಚ್ಚಾದದ್ದು ಪತಂಗವೋ ಬೆಳಕೋ ಹೇಳಲಾಗದು. ಹುಣ್ಣಿಮೆಯ ಹತ್ತಿರ ಮೂರೂ ಸೋಲುತ್ತವೆ, ಅಮಾವಾಸ್ಯೆಯ ಆಸುಪಾಸು ಹಚ್ಚಿ. ಮುಗಿದ ಮೇಲೆ ದೀಪ ಆರಿಸಿ, ಬಟ್ಟೆಯನ್ನು ಮೆಲ್ಲಗೆ ಪೊದೆಯ ಮೇಲೆ ಕೊಡವಿ. ಬೆಳಗಿನತನಕ ಬಿಟ್ಟರೆ ಕಾಜಾಣ, ಪಿಕಳಾರಗಳು ಸಾಲಾಗಿ ಬಂದು ಕೂರುತ್ತವೆ; ಎರಡೇ ದಿನದಲ್ಲಿ ಅವಕ್ಕೆ ಪರದೆಯ ಜಾಗ ಬಾಯಿಪಾಠವಾಗುತ್ತದೆ.