ಹಲ್ಲು ಕೀಳಿಸಿದ ಮೇಲೆ ಒಂದೇ ಹೊಳ್ಳೆ ಸೋರುತ್ತಿದ್ದರೆ ನೆಗಡಿ ಎಂದು ಸುಮ್ಮನಿರಬೇಡಿ

ಮೇಲಿನ ದವಡೆಹಲ್ಲು ಕೀಳುವಾಗ ಕೆಲವೊಮ್ಮೆ ಬೇರು ಮುರಿಯುತ್ತದೆ. ಉಳಿದ ಚೂರನ್ನು ಎಬ್ಬಿಸಲು ಉಪಕರಣವನ್ನು ಮೇಲಕ್ಕೆ ಒತ್ತಿದಾಗ ಚೂರು ಇದ್ದಕ್ಕಿದ್ದಂತೆ ಕಾಣೆಯಾಗುತ್ತದೆ. ‘ಚಿಕ್ಕದು, ಏನೂ ಆಗಲ್ಲ’ ಎಂದು ಹತ್ತಿ ಕಚ್ಚಿಸಿ ಕಳಿಸುತ್ತಾರೆ. ಎರಡು ದಿನಕ್ಕೆ, ಕುಡಿದ ನೀರು ಮೂಗಿನಲ್ಲಿ ಇಳಿಯುತ್ತದೆ. ಕೆಲವು ವಾರಕ್ಕೆ ಅದೇ ಬದಿಯ ಹೊಳ್ಳೆಯಿಂದ ಕೊಳೆತ ವಾಸನೆಯ ಕೀವು. ಆಮೇಲೆ ತಿಂಗಳುಗಟ್ಟಲೆ ನೆಗಡಿ ಮಾತ್ರೆ, ಹಬೆ, ಒಂದಾದ ಮೇಲೊಂದು ಆಂಟಿಬಯಾಟಿಕ್. ಇಷ್ಟು ನರಳಬೇಕಾದ ಅಗತ್ಯವೇ ಇಲ್ಲ.

ಕಾಣೆಯಾದ ಚೂರು ಸೇರಿರುವುದು ಕೆನ್ನೆಯ ಮೂಳೆಯೊಳಗಿನ ಸೈನಸ್ ಎಂಬ ಗಾಳಿ ತುಂಬಿದ ಗೂಡಿಗೆ. ದೊಡ್ಡವರಲ್ಲಿ ಅದು ಸುಮಾರು 15 ಮಿ.ಲೀ. ಹಿಡಿಯುತ್ತದೆ. ಅದರ ನೆಲಕ್ಕೂ ದವಡೆಹಲ್ಲಿನ ಬೇರಿಗೂ ನಡುವೆ ಕೆಲವರಲ್ಲಿ ತೆಳು ಪೊರೆಯಷ್ಟೇ ಇರುತ್ತದೆ. ಗೂಡಿನ ಬಾಗಿಲಿರುವುದು ಕೆಳಗಲ್ಲ, ಮೂಗಿನ ಕಡೆಯ ಗೋಡೆಯ ಮೇಲ್ಭಾಗದಲ್ಲಿ. ಒಳಪೊರೆಯ ಸೂಕ್ಷ್ಮ ರೋಮಗಳು ಲೋಳೆಯನ್ನು ಅಲ್ಲಿಗೆ ತಳ್ಳುತ್ತವೆ, ಆದರೆ ಬೇರಿನ ಚೂರನ್ನು ಏರಿಸುವ ಬಲ ಅವಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಬಾಗಿಲು ಊದಿಕೊಂಡು ಮುಚ್ಚಿದರೆ ಕೀವು ಒಳಗೇ ನಿಲ್ಲುತ್ತದೆ. ಅದಕ್ಕೇ ಮಾತ್ರೆ ನಿಲ್ಲಿಸಿದೊಡನೆ ಸೋಂಕು ಮರಳುವುದು. ಕೃತಕ ಹಲ್ಲಿಗಾಗಿ ಮೂಳೆಯಲ್ಲಿ ಕೂರಿಸಿದ ತಿರುಪು (ಇಂಪ್ಲಾಂಟ್) ಸಡಿಲವಾಗಿ ಗೂಡಿಗೆ ಜಾರಿದರೂ, ರೂಟ್ ಕೆನಾಲ್‌ನಲ್ಲಿ ಬೇರಿನೊಳಗೆ ತುಂಬುವ ಪೇಸ್ಟ್ ಬೇರಿನ ತುದಿ ದಾಟಿದರೂ ಇದೇ ಪಾಡು. ಪೇಸ್ಟಿನ ಸುತ್ತ ಆಸ್ಪರ್ಜಿಲಸ್ ಶಿಲೀಂಧ್ರದ ಉಂಡೆಯೂ ಕಟ್ಟಬಹುದು.

ಕಿತ್ತ ಹಲ್ಲನ್ನು ಅಲ್ಲೇ ಕೇಳಿ ನೋಡಿ. ಮೇಲಿನ ಮೊದಲ ದವಡೆಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು. ಅದರಲ್ಲಿ ಒಂದು ಮುರಿದಂತೆ ಕಂಡರೆ ಕುರ್ಚಿಯಿಂದ ಏಳುವ ಮೊದಲೇ ಎಕ್ಸ್‌ರೇ ತೆಗೆಸಿ. ಕಾಣದ ಚೂರಿಗಾಗಿ ತೂತಿನಲ್ಲಿ ಕೆದಕಲು ಬಿಡಬೇಡಿ, ಅದು ಇನ್ನೂ ಒಳಗೆ ಹೋಗುತ್ತದೆ. ಎರಡು ವಾರ ಮೂಗು ಸೀಟಬೇಡಿ, ಬಾಯಿ ತೆರೆದು ಸೀನಿ. ಸ್ಟ್ರಾ, ಬೀಡಿ, ಸಿಗರೇಟು ಮುಟ್ಟಬೇಡಿ.

ಮುಂದಿನ ಹೆಜ್ಜೆ ಇಎನ್‌ಟಿ ವೈದ್ಯರು, ಸಿ.ಟಿ. ಸ್ಕ್ಯಾನ್. ಹಲ್ಲು ಕೀಳಿಸಿದ ವಿಷಯವನ್ನು ನೀವಾಗಿಯೇ ಹೇಳಿ. ಎಷ್ಟೋ ಸಲ ಯಾರೂ ಕೇಳುವುದೇ ಇಲ್ಲ. ಈಗ ಹೆಚ್ಚಾಗಿ ಮೂಗಿನ ಮೂಲಕ ಎಂಡೋಸ್ಕೋಪ್ ಇಳಿಸಿ, ಗೂಡಿನ ಬಾಗಿಲು ಅಗಲಿಸಿ ಚೂರು ತೆಗೆಯುತ್ತಾರೆ. ಆ ದಾರಿಯಲ್ಲಿ ಕೈಗೆಟುಕದಿದ್ದರೆ ಮೇಲ್ದುಟಿಯೊಳಗಿನಿಂದ ಮೂಳೆಯಲ್ಲಿ ಕಿಂಡಿ ಕೊರೆಯುವ ಹಳೆಯ ಕಾಲ್ಡ್‌ವೆಲ್-ಲಕ್ ವಿಧಾನ. ಇದರಲ್ಲಿ ಕೆನ್ನೆ, ತುಟಿ ಜೋಮು ಹಿಡಿಯುವ ಅಪಾಯ ಹೆಚ್ಚು. ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ಜ್ವರದೊಂದಿಗೆ ತೀವ್ರ ತಲೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಹಲ್ಲು ಕಿತ್ತ ಜಾಗದಿಂದ ಗೂಡಿಗೆ ಬಿದ್ದ ತೂತು 2 ಮಿ.ಮೀ.ಗಿಂತ ಚಿಕ್ಕದಿದ್ದರೆ ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ. 5 ಮಿ.ಮೀ. ದಾಟಿದ್ದನ್ನು ಒಸಡಿನ ಪದರ ಎಳೆದು ಹೊಲಿಯಬೇಕು. ಕೀವು ತೊಳೆಯದೆ ಹೊಲಿದರೆ ಹೊಲಿಗೆ ಬಿಚ್ಚುತ್ತದೆ. ಹೊಲಿಯದೆ ಬಿಟ್ಟರೆ ತಿಂದ ಅನ್ನದಗುಳು ಅದೇ ದಾರಿಯಲ್ಲಿ ಮತ್ತೆ ಗೂಡು ಸೇರುತ್ತದೆ.