ಟಿ-ಜೆಟ್‌ಗೆ ವೈಡ್‌ಬ್ಯಾಂಡ್ ಗೇಜ್ ಹಾಕ್ಸಿ ಆರು ತಿಂಗಳಾಯ್ತು

ನನ್ನ ಫಿಯಟ್ ಲೀನಿಯಾ ಟಿ-ಜೆಟ್ ಟರ್ಬೊ ಪೆಟ್ರೋಲ್ ಕಾರಿಗೆ ಎಇಎಂ ಎಕ್ಸ್ ಸೀರೀಸ್ ವೈಡ್‌ಬ್ಯಾಂಡ್ ಗೇಜ್ (ಇಂಜಿನ್ ಗಾಳಿಗೆ ಎಷ್ಟು ಪೆಟ್ರೋಲ್ ಸೇರಿಸ್ತಿದೆ ಅಂತ ಎಕ್ಸಾಸ್ಟ್ ಹೊಗೆ ನೋಡಿ ಹೇಳೋ ಮೀಟರ್) ಹಾಕ್ಸಿದಾಗ ಚಿಕ್ಕಮಗಳೂರಿನ ಫ್ರೆಂಡ್ಸೆಲ್ಲ ಕೇಳಿದ್ದು ಒಂದೇ, ಇದ್ರಿಂದ ಎಷ್ಟು ಪವರ್ ಏರುತ್ತೆ ಅಂತ. ಒಂಚೂರೂ ಏರಲ್ಲ ಮಾರಾಯ್ರೆ. ಇಂಜಿನ್ ಉಳಿಯುತ್ತೆ.

ಗಾಡಿ ಜೊತೆ ಬಂದಿರೋ ನ್ಯಾರೋಬ್ಯಾಂಡ್ ಸೆನ್ಸರ್‌ಗೆ ಪೆಟ್ರೋಲ್ ಜಾಸ್ತಿನೋ ಕಮ್ಮಿನೋ ಅಷ್ಟೇ ಗೊತ್ತಾಗೋದು, ಎಷ್ಟು ಅಂತ ಗೊತ್ತಾಗಲ್ಲ. ಬೂಸ್ಟ್ (ಟರ್ಬೊ ಒಳಗೆ ತಳ್ಳೋ ಗಾಳಿಯ ಒತ್ತಡ) ಏರಿಸಿರೋ ಗಾಡಿಗೆ ಬೇಕಾಗಿರೋದೇ ಆ ಎಷ್ಟು. ಫುಲ್ ಥ್ರಾಟಲಲ್ಲಿ ಎಎಫ್ಆರ್ (ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅನ್ನೋ ಲೆಕ್ಕ) 11.5ರಿಂದ 12ರೊಳಗೆ ನಿಲ್ಬೇಕು, 13 ದಾಟ್ತೋ ಪೆಟ್ರೋಲ್ ಸಾಲ್ದೆ ಒಳಗೆ ಬಿಸಿ ಏರಿ ನಾಕಿಂಗ್ (ಪೆಟ್ರೋಲ್ ತಾನಾಗೇ ಸಿಡಿಯೋದು) ಶುರು, ಪಿಸ್ಟನ್ ಹೋಗೋಕೆ ಜಾಸ್ತಿ ಹೊತ್ತು ಬೇಡ.

ಫಿಟ್ಟಿಂಗ್‌ದೇ ಒಂದು ಕಥೆ. ವೆಲ್ಡಿಂಗ್‌ನವನು ಸುಲಭ ಅಂತ ಎಕ್ಸಾಸ್ಟ್ ಪೈಪಿನ ಅಡಿಗೆ ಬಾಸ್ (ಸೆನ್ಸರ್ ತಿರುಗಿಸಿ ಕೂರಿಸೋ ನಟ್ಟು) ಇಡೋಕೆ ಹೊರಟಿದ್ದ, ತಡೆದೆ. ನಮ್ಮ ಮಳೆ ಚಳಿಗೆ ಬೆಳಿಗ್ಗೆ ಎಕ್ಸಾಸ್ಟಲ್ಲಿ ನೀರು ನಿಂತಿರುತ್ತೆ, ಬಿಸಿ ಸೆನ್ಸರ್ ಮೇಲೆ ಹನಿ ಬಿದ್ರೆ ಒಳಗಿನ ಸೆರಾಮಿಕ್ ಸೀಳುತ್ತೆ. ಟರ್ಬೊ ದಾಟಿದ್ಮೇಲೆ ಡೌನ್‌ಪೈಪಲ್ಲಿ, ಗಡಿಯಾರದ ಹತ್ತು ಗಂಟೆ ಮುಳ್ಳಿನ ಥರ ಓರೆಯಾಗಿ ಹಾಕ್ಸಿದೆ. ಇದ್ರಲ್ಲಿರೋದು ಬಾಷ್ ಎಲ್‌ಎಸ್‌ಯು 4.9 ಸೆನ್ಸರ್, ಹೊರಗಿನ ಗಾಳಿಲಿ ಕ್ಯಾಲಿಬ್ರೇಶನ್ ಮಾಡೋ ರಗಳೆ ಇಲ್ಲ.

ಮೊದಲ್ನೇ ದಿನ ಐಡಲಲ್ಲೇ 17 ತೋರಿಸ್ತು, ಇರ್ಬೇಕಾಗಿದ್ದು 14.7ರ ಹತ್ರ, ಸೆನ್ಸರೇ ಡೂಪ್ಲಿಕೇಟ್ ಅಂದ್ರು ಎಲ್ರು. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಡೌನ್‌ಪೈಪ್ ಜಾಯಿಂಟಿಗೆ ಸೋಪ್ ನೀರು ಹಾಕಿದ್ರೆ ಬುಳಬುಳ ಗುಳ್ಳೆ, ಗ್ಯಾಸ್ಕೆಟ್ ಲೀಕ್. ಹೊರಗಿನ ಗಾಳಿ ಒಳಗೆ ಹೋಗಿ ಅದನ್ನೇ ಓದ್ತಿತ್ತು ಪಾಪ.

ಗ್ಯಾಸ್ಕೆಟ್ ಬದಲಾಯಿಸಿ ಒಂದು ಬೆಳಿಗ್ಗೆ ಕಡೂರು ರೋಡಲ್ಲಿ ಸಖರಾಯಪಟ್ಟಣ ದಾಟಿ ಥರ್ಡ್ ಗೇರಲ್ಲಿ ಒತ್ತಿದೆ, 11.8 ಇದ್ದಿದ್ದು 12.4, 4500 ಆರ್‌ಪಿಎಂ ಹೊತ್ತಿಗೆ 13.2, ಕಾಲು ತಾನಾಗೇ ಎತ್ಕೊಂಡ್ತು. ಗಾಡಿ ಮಾತ್ರ ಜುಮ್ ಅಂತ ಓಡ್ತಾನೇ ಇತ್ತು, ಸದ್ದಲ್ಲಿ ಏನೂ ಗೊತ್ತಾಗಿರ್ಲಿಲ್ಲ. ಪೆಟ್ರೋಲ್ ಪ್ರೆಶರ್ ನೋಡಿಸಿದ್ರೆ ಹಳೇ ಫ್ಯೂಯಲ್ ಪಂಪಿಗೆ ಉಸಿರೇ ಇಲ್ಲ. ಮೊದಲು ಮ್ಯಾಪ್ (ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್) ಹಾಕಿಕೊಟ್ಟವರು ಇದನ್ನ ನೋಡೇ ಇರ್ಲಿಲ್ಲ, ಲ್ಯಾಪ್‌ಟಾಪ್ ಇಟ್ಟು ದುಡ್ಡು ಇಸ್ಕೊಂಡಿದ್ರು. ಪಂಪ್ ಬದಲಾಯಿಸಿ ಬೇರೆ ಕಡೆ ಟ್ಯೂನ್ ಮಾಡ್ಸಿದ್ಮೇಲೆ 11.7ಕ್ಕೆ ನಿಂತಿದೆ, ಅಲ್ಲಾಡಲ್ಲ.

ಈಗ ಬಂಕಲ್ಲಿ ಸಿಗೋದು ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್), ಅದ್ರ ನಿಜವಾದ ಬ್ಯಾಲೆನ್ಸ್ (ಪೆಟ್ರೋಲೂ ಗಾಳಿಯೂ ಎರಡೂ ಉಳಿಯದ ಹಾಗೆ ಉರಿಯೋ ಎಎಫ್ಆರ್) 13.5ರ ಆಸುಪಾಸು, ಗೇಜ್ ಮಾತ್ರ ಎಥನಾಲ್ ಇಲ್ಲದ ಪೆಟ್ರೋಲಿನ ಹಳೇ 14.7 ಲೆಕ್ಕದಲ್ಲೇ ತೋರ್ಸುತ್ತೆ. ತಲೆ ಕೆಡಿಸ್ಕೊಳ್ಳೋ ಬದ್ಲು ಗೇಜನ್ನ ಲ್ಯಾಂಬ್ಡಾಗೆ (ಆ ಬ್ಯಾಲೆನ್ಸನ್ನೇ 1 ಅಂತ ಹಿಡಿಯೋ ಲೆಕ್ಕ) ಹಾಕಿ, ಯಾವ ಪೆಟ್ರೋಲಾದ್ರೂ 1 ಅಂದ್ರೆ 1, ಬೂಸ್ಟಲ್ಲಿ 0.8. ಗೇಜ್ ಬಿಚ್ಚಿದ್ರೆ ಸೆನ್ಸರ್ನೂ ಬಿಚ್ಚಿ ತೂತಿಗೆ ಬೋಲ್ಟ್ ಹಾಕ್ಬಿಡಿ, ಕರೆಂಟಿಲ್ದೆ ಎಕ್ಸಾಸ್ಟಲ್ಲಿ ಬಿಟ್ರೆ ಮಸಿ ಹಿಡಿದು ಸಾಯುತ್ತೆ.